ಹಿಮದ ಲಾರಿಯೂ ನೂರು ದಿನದ ಮನೆಯೂ

ತಮಿಳು ಸೀಮೆಯ ಶಂಕಗಿರಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ನಾನು ರಸೀದಿ ಬರೆಯುವವಳು. ಯಾವ ಗಾಡಿ, ಏನು ಲೋಡು, ಎಲ್ಲಿಂದ ಎಲ್ಲಿಗೆ ಎಂದು ಬರೆದು, ಮೂರು ಪ್ರತಿ ಹರಿದು, ಒಂದನ್ನು ಡ್ರೈವರನ ಕೈಗೆ ಕೊಟ್ಟರೆ ನನ್ನ ಪಾಲಿನ ಕೆಲಸ ಮುಗಿಯಿತು. ನಾಲ್ಕೈದು ದಿನದ ಮೇಲೆ ಆ ಕಾಗದ ಯಾವನದೋ ಸಹಿ ಹೊತ್ತುಕೊಂಡು, ಎಣ್ಣೆಯ ಬೆರಳಚ್ಚಿನ ಸಮೇತ ವಾಪಸು ಬರುತ್ತದೆ. ಅದನ್ನು ಫೈಲಿಗೆ ಸೇರಿಸುತ್ತೇನೆ. ಒಂಬತ್ತು ವರ್ಷದಿಂದ ಇದೇ.

ಆಫೀಸಿನಲ್ಲಿ ಹೆಂಗಸರು ನಾವು ನಾಲ್ಕು ಜನ. ಎಲ್ಲರಿಗಿಂತ ಹಿರಿಯಳಾದ ಅಕ್ಕ ಫೈಲು, ಬೀಗದ ಕೈ, ಪೂಜೆಯ ಕರ್ಪೂರ ಮೂರನ್ನೂ ನೋಡಿಕೊಳ್ಳುತ್ತಾಳೆ. ಇನ್ಶೂರೆನ್ಸ್ ಕಾಗದ ನೋಡುವವಳು ಮದುವೆಯಾಗಿ ಒಂದು ವರ್ಷವಾದ ಹುಡುಗಿ. ಮೂರನೆಯವಳು ದಿನವಿಡೀ ಡ್ರೈವರುಗಳಿಗೆ ಫೋನು ಮಾಡಿ ಗಾಡಿ ಎಲ್ಲಿದೆ ಎಂದು ವಿಚಾರಿಸುವವಳು. ಅವಳ ಗಂಟಲು ಎಷ್ಟು ದೊಡ್ಡದೆಂದರೆ, ಫೋನು ಇಲ್ಲದೆಯೇ ಈರೋಡಿಗೆ ಕೇಳಿಸುತ್ತದೆ ಎಂದು ನಾವು ಗೇಲಿ ಮಾಡುತ್ತೇವೆ. ಅವರು ಮೂವರೂ ತಮಿಳರು. ನನ್ನ ಮನೆಮಾತು ಕನ್ನಡವೆಂದು ಅವರಿಗೆ ಗೊತ್ತು, ಆದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ತಮಿಳು ನನಗೆ ಅವರಷ್ಟೇ ಸಲೀಸು.

ಮಧ್ಯಾಹ್ನ ಒಂದೂಕಾಲಿಗೆ ನಾವು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂರುತ್ತೇವೆ. ವರ್ಷದಲ್ಲಿ ಒಂಬತ್ತು ತಿಂಗಳು ಅಲ್ಲಿ ಎಲ್ಲ ತರದ ಮಾತು ನಡೆಯುತ್ತದೆ. ಉಳಿದ ಮೂರು ತಿಂಗಳು ಒಂದೇ ಮಾತು. ಹದಿನೈದು ಇಪ್ಪತ್ತು ಜನರನ್ನು ನೂರು ದಿನ ಒಂದು ಮನೆಯಲ್ಲಿ ಕೂಡಿಹಾಕಿ, ಅವರು ಜಗಳವಾಡುವುದನ್ನು ಎಲ್ಲರಿಗೂ ತೋರಿಸುವ ಕಾರ್ಯಕ್ರಮ ಬರುತ್ತದಲ್ಲ, ಅದರದ್ದು. ನಿನ್ನೆ ರಾತ್ರಿ ಯಾರು ಅತ್ತರು, ಯಾರು ನಾಟಕವಾಡಿದರು, ಈ ವಾರ ಯಾರನ್ನು ಹೊರಗೆ ಹಾಕುತ್ತಾರೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಶುರುವಾದರೆ ಕೈ ತೊಳೆಯುವವರೆಗೂ ಅದೇ.

ನನಗೆ ಆ ಕಾರ್ಯಕ್ರಮ ಹಿಡಿಸುವುದಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನಾನು ಹುಟ್ಟಿ ಬೆಳೆದದ್ದು ಕೊಳತ್ತೂರಿನ ಪಕ್ಕದ ಒಂದು ಹಳ್ಳಿಯಲ್ಲಿ, ಹದಿನಾಲ್ಕು ಜನರಿದ್ದ ಒಂದೇ ಮನೆಯಲ್ಲಿ. ಬಿಸಿನೀರನ್ನು ಯಾರು ಖಾಲಿ ಮಾಡಿದರು, ದೊಡ್ಡಮ್ಮನ ತಟ್ಟೆಗೆ ಮೀನಿನ ತಲೆ ಯಾಕೆ ಹೋಯಿತು, ಹಿತ್ತಲಲ್ಲಿ ಇಬ್ಬರು ಪಿಸುಗುಟ್ಟಿದ್ದು ಯಾರ ವಿಷಯ, ಇವೆಲ್ಲವನ್ನೂ ಹದಿನೆಂಟು ವರ್ಷ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಕಣ್ಣಾರೆ ನೋಡಿದವಳು ನಾನು. ಅಲ್ಲಿಂದ ಯಾರನ್ನೂ ಹೊರಗೆ ಹಾಕುವ ಪದ್ಧತಿಯೂ ಇರಲಿಲ್ಲ. ಮದುವೆಯಾಗಿ ಶಂಕಗಿರಿಗೆ ಬಂದು ನಾಲ್ಕು ಜನರ ಮನೆ ಸಿಕ್ಕಿದಾಗ ಕಿವಿಗೆ ಎಷ್ಟು ಹಿತವಾಯಿತೋ! ಈಗ ಮತ್ತೆ ಅದನ್ನೇ ಟಿವಿಯಲ್ಲಿ ನೋಡು ಎಂದರೆ ಹೇಗೆ?

ಮನೆಯಲ್ಲೂ ನಾನು ಒಂಟಿಯೇ. ನನ್ನ ಗಂಡನಿಗೆ ಅದಿಲ್ಲದೆ ಊಟ ಇಳಿಯುವುದಿಲ್ಲ. ಅತ್ತೆಗೆ ಅದರಲ್ಲಿ ಒಬ್ಬಳ ಮೇಲೆ ಪ್ರೀತಿ, ಇನ್ನೊಬ್ಬಳ ಮೇಲೆ ಹಗೆ. ಐದನೇ ಕ್ಲಾಸಿನ ಮಗಳು ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವವಳು; ಆ ಮನೆಯವರ ಹೆಸರು, ಊರು, ಜಗಳ ಅವಳಿಗೆ ಬಾಯಿಪಾಠ. ಇಂಥದ್ದೇ ಕಾರ್ಯಕ್ರಮ ಕನ್ನಡದಲ್ಲೂ ಬರುತ್ತದೆಂದು ಗೊತ್ತಾಗಿ, ನಮ್ಮ ಭಾಷೆ ಅಲ್ಲವೇ ಎಂದು ಅತ್ತೆ ಎರಡು ದಿನ ಅದನ್ನೂ ಹಾಕಿಸಿದರು. ಮೂರನೆಯ ದಿನ, ಇವರು ಆಡುವ ಕನ್ನಡ ನಮ್ಮದಲ್ಲ, ಬೈಗುಳ ಕೂಡ ಪುಸ್ತಕದ ಹಾಗಿದೆ, ತಮಿಳೇ ಹಾಕು ಎಂದರು. ಮಾವ ಮಾತ್ರ ಯಾವುದನ್ನೂ ನೋಡುವುದಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಕಾರ್ಯಕ್ರಮ ಶುರುವಾದ ಮೊದಲೆರಡು ವರ್ಷ ಆಫೀಸಿನಲ್ಲಿ ನಾನು ಸುಮ್ಮನೆ ಕೇಳಿಸಿಕೊಂಡು ಕೂತೆ. ಆದರೆ ದಿನಾ ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ಊಟ ಮಾಡುವುದು ಕಷ್ಟ. ಜೊತೆಗೆ, ಇವಳಿಗೆ ಜಂಬ ಎಂದುಕೊಂಡಾರು ಎನ್ನುವ ಅಳುಕು ಬೇರೆ. ಹಾಗಾಗಿ ಮೂರನೆಯ ವರ್ಷ ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಟೌನ್ ಬಸ್ಸಿನಲ್ಲಿ ಬರುವಾಗ ಫೋನಿನಲ್ಲಿ ಆ ಕಾರ್ಯಕ್ರಮದ ಬಗ್ಗೆ ಜನ ಬರೆದದ್ದನ್ನು ಓದಿಕೊಳ್ಳುವುದು, ಮಧ್ಯಾಹ್ನ ಅದರಲ್ಲಿ ಎರಡು ಮಾತು ನನ್ನದೆಂಬಂತೆ ಹೇಳುವುದು. ಹದಿನೈದು ದಿನ ಚೆನ್ನಾಗಿ ನಡೆಯಿತು. ಸಮಾ ಹೇಳಿದೆ ಎಂದು ಅಕ್ಕನೇ ಮೆಚ್ಚಿದಳು. ನನಗೂ ಧೈರ್ಯ ಬಂತು. ಒಂದು ಸೋಮವಾರ ಬಸ್ಸಿನಲ್ಲಿ ಜಾಗ ಸಿಗದೆ ಏನೂ ಓದಲಾಗಲಿಲ್ಲ. ಹಳೆಯ ಸರಕಿನಲ್ಲೇ ಸಾಗಿಸೋಣ ಎಂದುಕೊಂಡು, ಸ್ಪರ್ಧಿಗಳಲ್ಲಿ ಒಬ್ಬ ನರ್ಸ್ ಹುಡುಗಿಯ ಪರವಾಗಿ ಮಾತಾಡಿದೆ. ಪಾಪ ಅವಳಿಗೆ ಆ ಮನೆಯಲ್ಲಿ ಯಾರೂ ದಿಕ್ಕಿಲ್ಲ, ಕೊನೆಯವರೆಗೂ ಅವಳು ಇರಬೇಕು, ನಾನಂತೂ ಅವಳಿಗೇ ಓಟು ಹಾಕುವುದು ಎಂದೆ. ಸ್ವಲ್ಪ ಕಣ್ಣು ಒದ್ದೆ ಮಾಡಿಕೊಂಡೆನೋ ಏನೋ.

ಮೂವರೂ ತಿನ್ನುವುದನ್ನು ನಿಲ್ಲಿಸಿದರು. ಆ ನರ್ಸ್ ಹುಡುಗಿಯನ್ನು ನಿನ್ನೆ ರಾತ್ರಿಯೇ ಹೊರಗೆ ಹಾಕಿದರು, ಅವಳು ಮನೆ ಸೇರಿಯೂ ಆಯಿತು ಎಂದು ಇನ್ಶೂರೆನ್ಸ್ ಹುಡುಗಿ ಮೆಲ್ಲಗೆ ಹೇಳಿದಳು. ಫೋನಿನವಳು ನಗಲು ಶುರುಮಾಡಿದವಳು ನೆತ್ತಿಗೇರಿ ಕೆಮ್ಮಿದ್ದು ಕೇಳಿ, ಮುಂದಿನ ಕೋಣೆಯಿಂದ ಮ್ಯಾನೇಜರ್ ಏನಾಯಿತು ಎಂದು ಬಂದು ನೋಡಿ ಹೋದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಅದನ್ನು ನೋಡುವುದೇ ಇಲ್ಲ ಎಂದು ಒಪ್ಪಿಕೊಂಡೆ. ಮತ್ತೆ ಏನು ನೋಡುತ್ತೀ ಎಂದು ಅಕ್ಕ ಕೇಳಿದಳು. ಹಿಮದ ಮೇಲೆ ಲಾರಿ ಓಡಿಸುವ ಕಾರ್ಯಕ್ರಮ ಎಂದೆ. ಈ ಸಲ ಅಕ್ಕನೂ ನಕ್ಕಳು. ವಾರದಲ್ಲಿ ಆರು ದಿನ ಲಾರಿ ಕಾಗದ ಬರೆಯುವವಳು ಏಳನೆಯ ದಿನವೂ ಲಾರಿಯನ್ನೇ ನೋಡುತ್ತೀಯಾ, ನಿನಗೆ ಡಾಕ್ಟರರಿಗೆ ತೋರಿಸಬೇಕು ಎಂದಳು. ಅಂದಿನಿಂದ ನನಗೆ ಆಫೀಸಿನಲ್ಲಿ ಐಸ್ ಅಕ್ಕ ಎಂಬ ಹೆಸರು ಅಂಟಿಕೊಂಡಿತು.

ಆ ಕಾರ್ಯಕ್ರಮ ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಟಿವಿ ಯಾವುದೋ ಚಾನೆಲ್ಲಿನಲ್ಲಿ ಎದ್ದು ಕೂತಿತ್ತು. ಮನೆಯವರೆಲ್ಲ ಊಟ ಮುಗಿಸಿ ಮಲಗಿದ್ದರು. ಆರಿಸೋಣವೆಂದು ಹೋದವಳು ಹಾಗೇ ನಿಂತೆ. ಪರದೆ ತುಂಬ ಬಿಳುಪು. ಮರವಿಲ್ಲ, ಮನೆಯಿಲ್ಲ. ಹೆಪ್ಪುಗಟ್ಟಿದ ಒಂದು ಕೆರೆಯ ಮೇಲೆ, ಚಕ್ರಕ್ಕೆ ಸರಪಳಿ ಸುತ್ತಿಕೊಂಡ ದೊಡ್ಡ ಲಾರಿಯೊಂದು ಆಮೆಯ ಹಾಗೆ ಹೋಗುತ್ತಿತ್ತು. ಓಡಿಸುತ್ತಿದ್ದದ್ದು ನನ್ನ ವಯಸ್ಸಿನ ಒಬ್ಬ ಹೆಂಗಸು, ಉಲ್ಲನ್ ಟೋಪಿ ಹಾಕಿದ್ದಳು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಬ್ರೆಡ್ಡು. ಅವಳು ಇಂಗ್ಲಿಷಿನಲ್ಲಿ ಏನನ್ನುತ್ತಿದ್ದಳೋ, ಅದರ ಮೇಲೆ ತಮಿಳು ದನಿ ಕೊಟ್ಟವರು ಅವಳ ಬಾಯಲ್ಲಿ ಅಚ್ಚ ಮಧುರೆಯ ತಮಿಳು ಆಡಿಸುತ್ತಿದ್ದರು. ಬಿಳಿಯ ಹೆಂಗಸು, ಸುತ್ತ ಹಿಮ, ಬಾಯಲ್ಲಿ "ಎನ್ನಡಾ ಇದು, ವಂಡಿ ಇಳುಕ್ಕವೇ ಮಾಟ್ಟೇಂಗುದು." ಗಾಡಿ ಎಳೆಯುತ್ತಲೇ ಇಲ್ಲ ಎಂದು ಗೊಣಗುತ್ತಿದ್ದಳು. ನಾನು ನಿಂತಲ್ಲೇ ನಕ್ಕುಬಿಟ್ಟೆ.

ಆದರೆ ಕೂತು ನೋಡಿದ್ದು ನಗು ಬಂತೆಂದಲ್ಲ. ನಾನು ಬರೆದ ರಸೀದಿ ಹೋಗುತ್ತದೆ, ಸಹಿಯಾಗಿ ಬರುತ್ತದೆ. ನಡುವಿನ ನಾಲ್ಕು ದಿನ ಏನಾಯಿತು ಎಂಬುದು ಕಾಗದದಲ್ಲಿ ಇರುವುದಿಲ್ಲ. ಲಾರಿ ಊರಿನಲ್ಲಿ, ಲಾರಿ ಡ್ರೈವರನ ಮನೆಗೇ ಸೊಸೆಯಾಗಿ ಬಂದಿದ್ದರೂ ಆ ನಾಲ್ಕು ದಿನವನ್ನು ನಾನು ಎಂದೂ ನೋಡಿರಲಿಲ್ಲ. ಇಲ್ಲಿ ಅದನ್ನೇ ತೋರಿಸುತ್ತಿದ್ದರು. ಹಗ್ಗ ಬಿಗಿಯುವುದು, ಟಾರ್ಪಾಲು ಸರಿಮಾಡುವುದು, ಚಕ್ರ ಒದ್ದು ನೋಡುವುದು, ಮುಂದಿನ ಗಾಡಿಗಾಗಿ ಕಾಯುವುದು. ಹೆಚ್ಚು ಹೊತ್ತು ಏನೂ ನಡೆಯುವುದಿಲ್ಲ. ನನಗೆ ಅದೇ ಇಷ್ಟವಾಯಿತು.

ಮಾವನ ವಿಷಯ ಹೇಳುತ್ತೇನೆ ಎಂದಿದ್ದೆ. ಅವರು ಮೂವತ್ತನಾಲ್ಕು ವರ್ಷ ಲಾರಿ ಓಡಿಸಿದವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಮಕ್ಕಳು ಸಾಕು ಎಂದರು; ಅವರೂ ಸರಿ ಎಂದು ಬಿಟ್ಟರು. ಆಮೇಲಿಂದ ಬೆಳಿಗ್ಗೆ ಸಂಜೆ ಮನೆಯ ಮುಂದಿನ ಜಗುಲಿಯ ಮೇಲೆ ಕೂರುತ್ತಾರೆ. ಮಾತು ಕಮ್ಮಿ. ಕೋಪವೋ ಬೇಸರವೋ ಅಲ್ಲ, ಮೂವತ್ತನಾಲ್ಕು ವರ್ಷ ಇಂಜಿನ್ನಿನ ಪಕ್ಕ ಕೂತವರಿಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು ಎಂದು ಕಾಣುತ್ತದೆ. ನಾನು ಸೊಸೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಮಾತನ್ನೆಲ್ಲ ಒಂದು ಪುಟದಲ್ಲಿ ಬರೆಯಬಹುದಿತ್ತು.

ನಾಲ್ಕನೆಯದೋ ಐದನೆಯದೋ ಭಾನುವಾರ ಅವರು ನೀರು ಕುಡಿಯಲು ಒಳಗೆ ಬಂದರು. ಟಿವಿಯಲ್ಲಿ ಒಬ್ಬ ಗಡ್ಡದವನು ಗುಡ್ಡದ ಇಳಿಜಾರಿನಲ್ಲಿ ಲಾರಿ ಇಳಿಸುತ್ತಿದ್ದ. ಮಾವ ಚೆಂಬನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. ನೀರು ಕುಡಿಯಲಿಲ್ಲ. ಲಾರಿಯ ಹಿಂದಿನ ಭಾಗ ಪಕ್ಕಕ್ಕೆ ಜಾರಿ, ಹೇಗೋ ಸರಿಯಾಯಿತು.

"ಗೇರ್ ಮೇಲೇ ಇಳಿಸ್ಕಬೇಕಿತ್ತು," ಎಂದರು ಮಾವ. "ಅತ್ತುವಾಗ ಯಾವ ಗೇರೋ ಇಳೀವಾಗ್ಲೂ ಅದೇ."

ಅಷ್ಟು ಹೇಳಿ ಹೊರಗೆ ಹೋದರು. ಗುಡ್ಡ ಹತ್ತಿದ ಗೇರಿನಲ್ಲೇ ಇಳಿಯಬೇಕು, ಅದಕ್ಕೆ ತುದಿಯಲ್ಲೇ ಗೇರು ಇಳಿಸಿಕೊಳ್ಳಬೇಕಿತ್ತು ಎಂದು ಅವರು ಹೇಳಿದ್ದೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ಭಾನುವಾರ ಎರಡು ಗಂಟೆಗೆ ಅವರೇ ಬಂದು, ಶುರುವಾಯ್ತಾ ಎಂದು ಕೇಳಿದರು. ಅದರ ಮುಂದಿನ ವಾರ ಜಗುಲಿಯ ಪ್ಲಾಸ್ಟಿಕ್ ಕುರ್ಚಿ ಒಳಗೆ ಬಂತು.

ಹೀಗೆ ನನಗೆ ಜೊತೆ ಸಿಕ್ಕಿತು. ಮಾವ ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಟಿವಿಯ ಡ್ರೈವರುಗಳ ಜೊತೆ. ನಾನು ನಡುವೆ ಇದ್ದೆ ಅಷ್ಟೆ. ಹಗ್ಗ ಸಡಿಲವಿದೆ ನೋಡು, ಅವನು ತೂಕಡಿಸುತ್ತಿದ್ದಾನೆ ನೋಡು ಎನ್ನುತ್ತಿದ್ದರು. ಗಡ್ಡದವನನ್ನು ಕಂಡರೆ ಅವರಿಗೆ ಆಗದು, ಬರೀ ಬಾಯಿ ಎನ್ನುತ್ತಿದ್ದರು. ಟೋಪಿಯ ಹೆಂಗಸನ್ನು ಮೆಚ್ಚಿದ್ದರು. ಅವಳು ಗಾಡಿ ನಿಲ್ಲಿಸಿದಾಗೆಲ್ಲ ಒಂದು ಸುತ್ತು ನಡೆದು ಚಕ್ರ ನೋಡುತ್ತಾಳೆ, ಅದು ಕಲಿಸಿದರೆ ಬರುವ ಬುದ್ಧಿಯಲ್ಲ ಎನ್ನುವುದು ಅವರ ತೀರ್ಪು. ಕ್ರಮೇಣ ತಮ್ಮ ಕಥೆಯನ್ನೂ ಒಂದೊಂದಾಗಿ ತೆಗೆದರು. ತೊಪ್ಪೂರು ಘಾಟಿಯಲ್ಲಿ ಡೀಸೆಲ್ ಉಳಿಸಲೆಂದು ಕೆಲವರು ನ್ಯೂಟ್ರಲ್ಲಿನಲ್ಲಿ ಗಾಡಿ ಬಿಡುತ್ತಿದ್ದದ್ದು, ಬ್ರೇಕು ಕಾದು ಸುಟ್ಟ ವಾಸನೆ ಬಂದರೆ ಹಿಂದಿನವನಿಗೆ ಮೊದಲು ಗೊತ್ತಾಗುತ್ತಿದ್ದದ್ದು, ಇವರು ಮಾತ್ರ ಎಷ್ಟು ಬೈಸಿಕೊಂಡರೂ ಎರಡನೇ ಗೇರಿನಲ್ಲೇ ಇಳಿಯುತ್ತಿದ್ದದ್ದು. ನಿಮಗೆ ಭಯವಾಗುತ್ತಿರಲಿಲ್ಲವೇ ಎಂದು ಕೇಳಿದೆ. ಭಯವಿಲ್ಲದವನಿಗೆ ಯಾರಾದರೂ ಗಾಡಿ ಕೊಡುತ್ತಾರೆಯೇ ಎಂದು ನನ್ನನ್ನೇ ಕೇಳಿದರು.

ನಾನು ಆಫೀಸಿನಲ್ಲಿ ಇದನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುವುದಷ್ಟೇ ಅಲ್ಲ, ಸ್ವಲ್ಪ ಮೆರೆಯುತ್ತಲೂ ಇದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ನಿಮ್ಮ ನೂರು ದಿನದ ಮನೆಯ ಜಗಳವನ್ನು ಮೊದಲೇ ಬರೆದುಕೊಟ್ಟು ಆಡಿಸುತ್ತಾರೆ, ಅತ್ತರೆ ಗ್ಲಿಸರಿನ್ನು, ನಕ್ಕರೆ ಸಂಬಳ. ನನ್ನದು ನಿಜ, ಐಸು ಒಡೆದರೆ ಒಡೆಯಿತು, ಅಲ್ಲಿ ನಾಟಕಕ್ಕೆ ಜಾಗವಿಲ್ಲ ಎಂದು ಹಲವು ಸಲ ಹೇಳಿದ್ದೆ. ಅವರು ಕೇಳಿಸಿಕೊಂಡು, ಸರಿ ಸರಿ ಐಸ್ ಅಕ್ಕಾ ಎಂದು ತಮ್ಮ ಮಾತಿಗೆ ಮರಳುತ್ತಿದ್ದರು.

ಒಂದು ಭಾನುವಾರ ಬಂತು, ಅದರಲ್ಲಿ ಐಸು ಬಿರುಕು ಬಿಡುವ ದೃಶ್ಯ. ಗಡ್ಡದವನ ಲಾರಿ ಕೆರೆಯ ನಟ್ಟ ನಡುವೆ. ಕೆಳಗಿನಿಂದ ಚಟಚಟ ಶಬ್ದ. ಡ್ರೈವರ್ ಸೀಟ್ ಬೆಲ್ಟ್ ಬಿಚ್ಚಿ, ಬಾಗಿಲು ಅರೆ ತೆರೆದುಕೊಂಡ. ಹಿಂದಿನಿಂದ ನಗಾರಿ ಬಾರಿಸಿದರು. ಮುಳುಗಿದರೆ ಬದುಕಲು ಎರಡೇ ನಿಮಿಷ ಎಂದು ತಮಿಳು ದನಿ ಎಚ್ಚರಿಸಿತು. ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ.

"ಈ ಪೋಟ ಇಡಿಯೋನು ಎಲ್ಲವ್ನೆ?" ಎಂದು ಮಾವ ಕೇಳಿದರು.

ಚಿತ್ರ ತೆಗೆಯುವವನ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು, ಮುಂದೆ ಎಲ್ಲೋ ಐಸಿನ ಮೇಲೆ ನಿಂತಿರಬೇಕು ಎಂದೆ.

"ಅವ್ನು ಎಂಗೋದ? ಕಾರಲ್ಲಿ ಓಗವ್ನೆ. ಸಾಮಾನೆಲ್ಲ ಇಳಿಸ್ಕಂಡು, ಸ್ಟ್ಯಾಂಡ್ ನೆಟ್ಕಂಡು, ಲಾರಿ ಬರ್ಲಿ ಅಂತ ಕಾಯ್ತಾ ಅವ್ನೆ. ಅಲ್ಲಿ ಐಸು ಗಟ್ಟಿ ಐತೆ ಅಂತ ಗೊತ್ತಿಲ್ದೆ ನಿಂತವ್ನಾ?" ಎಂದು ಮಾವ ನನ್ನ ಕಡೆ ತಿರುಗಿದರು. "ಗಾಡೀಲಿ ಬ್ರೇಕ್ ಓದ್ರೆ ಯಾವನೂ ನಗಾರಿ ಬಾರ್ಸಲ್ಲ ಕಣಮ್ಮಾ. ಏನೂ ಕೇಳ್ಸಲ್ಲ ಆಗ."

ನಾನು ಪೆಚ್ಚಾದೆ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಹಿಂದಿನ ವಾರಗಳದ್ದೆಲ್ಲ ನೆನಪಾಯಿತು. ಲಾರಿ ಕಂದಕದ ಅಂಚಿಗೆ ಬಂದಾಗಲೆಲ್ಲ ಕೆಳಗಿನಿಂದಲೂ ಒಂದು ಚಿತ್ರ, ಮೇಲಿನಿಂದಲೂ ಒಂದು ಚಿತ್ರ. ಯಾರೋ ಮೊದಲೇ ಹೋಗಿ ಜಾಗ ನೋಡಿಟ್ಟದ್ದು. ಇಷ್ಟು ದಿನ ನಾನು ನಿಜವೆಂದು ಸಾರಿದ್ದೂ ಒಂದು ಬಗೆಯ ನಾಟಕವೇ ಆಗಿತ್ತು. ಹಾಗಾದರೆ ನೀವು ಯಾಕೆ ವಾರವಾರವೂ ನೋಡುತ್ತೀರಿ, ಎಲ್ಲ ಸುಳ್ಳಾದರೆ, ಎಂದು ಸ್ವಲ್ಪ ಕಟುವಾಗಿಯೇ ಕೇಳಿದೆನೇನೋ.

ಮಾವ ಪರದೆಯತ್ತ ಬೆರಳು ಮಾಡಿದರು. ಟಿವಿಯಲ್ಲಿ ಅಷ್ಟರಲ್ಲಿ ಅಪಾಯವೆಲ್ಲ ಕಳೆದು, ಟೋಪಿಯ ಹೆಂಗಸು ಎಲ್ಲೋ ಗಾಡಿ ನಿಲ್ಲಿಸಿ ಡಬ್ಬಿಯಿಂದ ಏನನ್ನೋ ತಿನ್ನುತ್ತಿದ್ದಳು.

"ಎಲ್ಲ ಸುಳ್ಳಲ್ಲ," ಎಂದರು. "ಇಂಗೆ ಒಬ್ರೇ ಕೂತ್ಕಂಡು ತಿಂತಾರಲ್ಲ, ಅದು ಸುಳ್ಳಲ್ಲ."

ಮಲಗಿದ್ದಾರೆ ಎಂದುಕೊಂಡಿದ್ದ ಅತ್ತೆ ಒಳಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಹೋಟ್ಲಲ್ಲಿ ತಿಂತೀನಿ ಎನ್ನುತ್ತಿದ್ದಿರಲ್ಲ ಎಂದು ಅವರು ಗಂಡನನ್ನು ಕೇಳಿದರು. ಹೋಟೆಲು ಸಿಕ್ಕಿದರೆ ಹೋಟೆಲು, ಇಲ್ಲದಿದ್ದರೆ ನೀನು ಕಟ್ಟಿಕೊಟ್ಟದ್ದು ಎಂದು ಮಾವ ಹೇಳಿದರು. ತೊಪ್ಪೂರು ಇಳಿಯುವ ಮೊದಲು ಮೇಲೆ ಗಾಡಿ ನಿಲ್ಲಿಸಿ, ಬ್ರೇಕು ನೋಡಿ, ಪುಳಿಯೋಗರೆ ಬಿಚ್ಚುತ್ತಿದ್ದರಂತೆ. ಎರಡನೆಯ ದಿನದ್ದಾದರೆ ಹುಳಿ ಹೆಚ್ಚಾಗಿರುತ್ತಿತ್ತು, ಆದರೂ ಚೆನ್ನಾಗಿರುತ್ತಿತ್ತು ಎಂದರು. ಅತ್ತೆ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತು, ಆ ಹೆಂಗಸು ಏನು ತಿನ್ನುತ್ತಿದ್ದಾಳೆ ಎಂದು ವಿಚಾರಿಸಿದರು. ಅವತ್ತು ಕಾರ್ಯಕ್ರಮ ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಸೋಮವಾರ ಊಟದ ಹೊತ್ತಿನಲ್ಲಿ ನಾನೇ ವಿಷಯ ತೆಗೆದೆ. ನನ್ನ ಹಿಮದ ಲಾರಿಯೂ ಆಡಿಸಿದ್ದೇ, ನಮ್ಮ ಮಾವ ಪತ್ತೆ ಮಾಡಿದರು, ಇಷ್ಟು ದಿನ ನಿಮ್ಮನ್ನು ಹೀಯಾಳಿಸಿದ್ದು ತಪ್ಪಾಯಿತು ಎಂದೆ. ಅವರು ಚಪ್ಪಾಳೆ ತಟ್ಟಿ ಕುಣಿಯುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅಕ್ಕ ಉಪ್ಪಿನಕಾಯಿಯ ಎಣ್ಣೆಯನ್ನು ಅನ್ನಕ್ಕೆ ಕಲಸಿಕೊಳ್ಳುತ್ತಾ, ನಮ್ಮದು ನಾಟಕವೆಂದು ನಮಗೆ ಗೊತ್ತಿಲ್ಲ ಎಂದುಕೊಂಡಿದ್ದೆಯಾ ಎಂದು ಕೇಳಿದಳು. ಮೊದಲ ವಾರದಿಂದಲೇ ಗೊತ್ತಂತೆ. ನಿಜ ಬೇಕಿದ್ದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಆಫೀಸಿನಲ್ಲಿ ಬೇಕಾದಷ್ಟಿದೆ, ಮನೆಗೆ ಹೋದ ಮೇಲೂ ಯಾಕೆ ಬೇಕು. ನಾವು ನೋಡುವುದು ಮಾರನೆಯ ದಿನ ಇಲ್ಲಿ ಕೂತು ಮಾತಾಡಲು ಎಂದಳು.

ನನಗೆ ಇದು ಹೊಳೆದೇ ಇರಲಿಲ್ಲ. ಮೂರು ವರ್ಷ ನಾನು ಇವರನ್ನು ಮೋಸಹೋದವರು ಎಂದು ತಿಳಿದು ಒಳಗೊಳಗೇ ಮರುಗಿದ್ದೆ. ಮೋಸಹೋದವಳು ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬಳೇ. ನಾಚಿಕೆಯಾಯಿತು, ನಗುವೂ ಬಂತು. ಗುಂಪು ನೋಡುವುದನ್ನು ನೋಡದಿದ್ದರೆ ನಾವು ಗುಂಪಿಗಿಂತ ಒಂದು ಮೆಟ್ಟಿಲು ಮೇಲೆ ಎಂಬ ಹುಚ್ಚು ನನ್ನಲ್ಲಿ ಯಾವಾಗ ಸೇರಿಕೊಂಡಿತ್ತೋ ತಿಳಿಯದು. ಅದು ಹೋಯಿತು. ಹಿಮದ ಲಾರಿಯ ಮೇಲಿನ ಪ್ರೀತಿ ಮಾತ್ರ ಹೋಗಲಿಲ್ಲ. ಕ್ಯಾಮೆರಾದವನು ಮುಂದೆ ಹೋಗಿ ನಿಂತಿದ್ದಾನೆ ಎಂದು ಗೊತ್ತಿದ್ದೂ ಮುಂದಿನ ಭಾನುವಾರ ಐಸು ಚಟಗುಟ್ಟಿದಾಗ ನಾನು ಮೊದಲಿನ ಹಾಗೆಯೇ ಸೆರಗಿನ ತುದಿ ಕಚ್ಚಿಕೊಂಡೆ.

ಆ ಮಾವನನ್ನು ನಾವು ನೋಡಬೇಕು ಎಂದು ಫೋನಿನವಳು ಹಟ ಹಿಡಿದಳು. ಹಾಗಾಗಿ ಒಂದು ಭಾನುವಾರ ಮೂವರನ್ನೂ ಊಟಕ್ಕೆ ಕರೆದೆ. ನನ್ನ ತಮ್ಮ ಬೆಳಿಗ್ಗೆಯೇ ಕೊಳತ್ತೂರಿನಿಂದ ಬಸ್ಸಿನಲ್ಲಿ ನಮ್ಮೂರ ಕಡೆಯ ಡ್ಯಾಮಿನ ಮೀನು ಕಳಿಸಿದ್ದ. ಅತ್ತೆ ಮುದ್ದೆ ಕಟ್ಟಿ ಸಾರು ಮಾಡಿದರು. ಅಷ್ಟು ಜನ ಹೆಂಗಸರನ್ನು ನೋಡಿದ್ದೇ ಮಾವ ಊಟದ ತಟ್ಟೆ ಎತ್ತಿಕೊಂಡು ಜಗುಲಿಗೆ ಹೊರಟುಹೋದರು. ಎರಡು ಗಂಟೆಗೆ ಕಾರ್ಯಕ್ರಮ ಶುರುವಾದರೂ ಬರಲಿಲ್ಲ. ಬಂದವರಿಗೆ ನಿರಾಸೆ. ಬರೀ ಬಿಳುಪು, ಏನೂ ಆಗುತ್ತಿಲ್ಲವಲ್ಲ ಎಂದು ಇನ್ಶೂರೆನ್ಸ್ ಹುಡುಗಿ ಆಕಳಿಸಿದಳು. ಆಗ ಗಡ್ಡದವನು ಲಾರಿಯನ್ನು ಹಿಂದಕ್ಕೆ ತೆಗೆಯಲು ಹೋಗಿ ಹಿಮದ ಗುಡ್ಡೆಗೆ ಸಿಕ್ಕಿಸಿದ. ಕಿಟಕಿಯ ಹೊರಗಿನಿಂದ ಮಾವನ ದನಿ ಬಂತು, ಸ್ಟೇರಿಂಗ್ ಯಾವ ಕಡೆ ತಿರುಗಿಸುತ್ತಿದ್ದಾನೆ ನೋಡಿ ಆ ಪೆದ್ದ ಎಂದು, ತಮಿಳಿನಲ್ಲಿ. ಅವರು ಅಷ್ಟು ಹೊತ್ತೂ ಕಿಟಕಿಯಿಂದ ನೋಡುತ್ತಿದ್ದರು.

ಆಮೇಲೆ ಅವರನ್ನು ಒಳಗೆ ಕರೆಯುವುದು ಕಷ್ಟವಾಗಲಿಲ್ಲ. ಉಳಿದ ಮುಕ್ಕಾಲು ಗಂಟೆ ಟಿವಿ ನೋಡಿದವರು ಕಡಿಮೆ. ಎಲ್ಲರೂ ಮಾವನನ್ನೇ ನೋಡಿದರು. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕೊನೆಯಲ್ಲಿ ಫೋನಿನವಳು, ಹತ್ತು ವರ್ಷದಿಂದ ಕೇಳಬೇಕೆಂದಿದ್ದೆ, ಡ್ರೈವರುಗಳು ನನ್ನ ಫೋನು ಯಾಕೆ ಎತ್ತುವುದಿಲ್ಲ ಎಂದು ಕೇಳಿದಳು. ಮಾವ ತಮಾಷೆ ಬಿಟ್ಟರು. ಘಾಟಿಯಲ್ಲಿ ಎರಡು ಕೈಯೂ ಸಾಲದು ಎಂದರು. ಇಳಿದ ಮೇಲೆ ಎತ್ತೋಣವೆಂದರೆ, ಎತ್ತಿದ ಕೂಡಲೇ ಬೈಗುಳ, ಹಾಗಾಗಿ ಟೀ ಕುಡಿದು ಎತ್ತೋಣ ಅನ್ನಿಸುತ್ತದೆ ಎಂದರು. ಸೋಮವಾರ ನಾನು ರಸೀದಿ ಬರೆಯುತ್ತಿದ್ದಾಗ ಪಕ್ಕದ ಮೇಜಿನಿಂದ ಅವಳ ದೊಡ್ಡ ಗಂಟಲು ಕೇಳಿಸಿತು. ಗಾಡಿ ಎಲ್ಲಿ ಎಂದು ಕೇಳುವ ಮೊದಲು, "ಸಾಪ್ಟೀಂಗಳಾಣ್ಣಾ?" ಎಂದು ಕೇಳಿದಳು. ಊಟವಾಯಿತಾ ಅಣ್ಣ ಎಂದು ಕೇಳಿಸಿಕೊಂಡ ಆ ಡ್ರೈವರ್ ಯಾವ ಊರಿನಲ್ಲಿದ್ದನೋ, ರಾಂಗ್ ನಂಬರ್ ಎಂದು ಇಟ್ಟುಬಿಟ್ಟನಂತೆ. ಮತ್ತೆ ಮಾಡಬೇಕಾಯಿತು.

ಅವರು ನಮ್ಮ ಮನೆಗೆ ಬಂದಮೇಲೆ ನಾನು ಅವರ ಕಡೆ ಹೋಗದಿದ್ದರೆ ಹೇಗೆ? ನೂರು ದಿನದ ಕಾರ್ಯಕ್ರಮದ ಕೊನೆಯ ಭಾಗ ಒಂದು ಭಾನುವಾರ ಸಂಜೆ ಆರಕ್ಕೆ ಇತ್ತು. ಅಕ್ಕನ ಮನೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ನಾನು ಮಗಳನ್ನು ಕರೆದುಕೊಂಡು ಹೋದೆ. ಬಜ್ಜಿ, ಕಡಲೆಯ ಸುಂಡಲ್, ಎರಡು ಫ್ಯಾನು, ಬೀದಿಯ ಹೆಂಗಸರೆಲ್ಲ ಅಲ್ಲೇ. ಕೊನೆಗೆ ಉಳಿದವರು ಐದು ಜನ. ಓಟು ಹಾಕಲು ಇನ್ನೂ ಅರ್ಧ ಗಂಟೆ ಸಮಯವಿತ್ತು. ಎಲ್ಲರ ಫೋನಿನಿಂದಲೂ ಹಾಡುವ ಹುಡುಗನಿಗೇ ಓಟು ಹೋಗಬೇಕು ಎಂದು ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ಒಬ್ಬೊಬ್ಬರೂ ಒತ್ತಿ, ಫೋನನ್ನು ಎತ್ತಿ ತೋರಿಸುತ್ತಿದ್ದರು.

ಅಷ್ಟರಲ್ಲಿ ನೂರು ದಿನದಲ್ಲಿ ನಡೆದದ್ದನ್ನು ತುಣುಕು ತುಣುಕಾಗಿ ಮತ್ತೆ ತೋರಿಸಿದರು. ಒಂದರ ಹಿಂದೆ ಒಂದು ಜಗಳ. ನನಗೆ ಯಾರು ಯಾರೆಂದು ತಿಳಿಯದ್ದರಿಂದ ಜಗಳ ಬಿಟ್ಟು ಹಿಂದುಗಡೆ ನೋಡುತ್ತಿದ್ದೆ. ಗೀಟಿನ ಶರ್ಟಿನ ಒಬ್ಬ ನಡುವಯಸ್ಸಿನವನು ಬಹಳ ಕಡೆ ಹಿಂದೆ ಇದ್ದ. ಮುಂದೆ ಇಬ್ಬರು ಕೈ ಕೈ ಮಿಲಾಯಿಸುತ್ತಿದ್ದರೆ ಅವನು ಮೇಜು ಒರೆಸುತ್ತಿದ್ದ. ಇನ್ನೊಂದರಲ್ಲಿ ಯಾರೋ ಅಳುತ್ತಿದ್ದರು, ಇವನು ಬೇಳೆ ಆರಿಸುತ್ತಿದ್ದ. ಮತ್ತೊಂದರಲ್ಲಿ ಒಣಗಿದ ಬಟ್ಟೆಯನ್ನು ಮಡಿಸುತ್ತಿದ್ದ, ತನ್ನದಲ್ಲದ್ದನ್ನೂ. ಅವನೂ ಆ ಐವರಲ್ಲಿ ಒಬ್ಬ. ಹೇಗೆ ಉಳಿದುಕೊಂಡನೆಂದು ಯಾರಿಗೂ ಗೊತ್ತಿರಲಿಲ್ಲ. ಅವನನ್ನು ಹೊರಗೆ ಹಾಕಲು ಎಲ್ಲರೂ ಮರೆತುಬಿಟ್ಟರು ಎಂದು ಫೋನಿನವಳು ಹೇಳಿದಳು.

ನನ್ನ ಸರದಿ ಬಂತು. "ಯಾರುಕ್ಕು ಪೋಟ್ಟೇ?" ಎಂದು ಅಕ್ಕ ಕೇಳಿದಳು. ಯಾರಿಗೆ ಹಾಕಿದೆ ಎಂದಳು. ಸುಳ್ಳು ಹೇಳಿ ಒಮ್ಮೆ ಸಿಕ್ಕಿಬಿದ್ದವಳು ನಾನು. ಫೋನನ್ನು ಎತ್ತಿ ತೋರಿಸಿದೆ. ಗೀಟಿನ ಶರ್ಟಿನವನಿಗೆ ಹಾಕಿದ್ದೆ. ಇಡೀ ಹಜಾರ ಗೊಳ್ಳೆಂದಿತು. ಬಂದದ್ದು ಒಂದೇ ದಿನ, ಅದರಲ್ಲೂ ಓಟು ಹಾಳುಮಾಡಿದಳು ಎಂದು ಅಕ್ಕ ಹಣೆ ಚಚ್ಚಿಕೊಂಡು, ನನ್ನ ತಟ್ಟೆಗೆ ಇನ್ನೆರಡು ಬಜ್ಜಿ ಹಾಕಿದಳು.

ಹಾಡುವ ಹುಡುಗ ಗೆದ್ದ. ಬೀದಿಯಲ್ಲಿ ಪಟಾಕಿ ಹೊಡೆದರು. ನನ್ನವನು ಐದನೆಯವನಾಗಿ ಎಲ್ಲರಿಗಿಂತ ಮೊದಲು ವೇದಿಕೆ ಇಳಿದ. ಇಳಿಯುವಾಗ ಎರಡು ಮಾತು ಹೇಳಿ ಎಂದರೆ, ಎಲ್ಲರಿಗೂ ವಣಕ್ಕಂ ಎಂದು ಕೈ ಮುಗಿದ, ಅಷ್ಟೆ. ನನಗೆ ಸೋತ ಬೇಸರವಾಗಲಿಲ್ಲ. ಆ ಕಾರ್ಯಕ್ರಮ ಅಂದೂ ನನಗೆ ಹಿಡಿಸಲಿಲ್ಲ, ಮುಂದಿನ ವರ್ಷವೂ ನಾನು ಅದನ್ನು ದಿನಾ ಕೂತು ನೋಡುವವಳಲ್ಲ. ಆದರೆ ಆ ಹಜಾರದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಮೂರು ಗಂಟೆ ಹೇಗೆ ಕಳೆಯಿತೆಂದು ಗೊತ್ತಾಗಲಿಲ್ಲ. ಮತ್ತೆ ಕರೆದರೆ ಹೋಗುತ್ತೇನೆ.

ಬಜ್ಜಿಯ ಪೊಟ್ಟಣ ಹಿಡಿದುಕೊಂಡು ನಾನೂ ಮಗಳೂ ಮನೆಗೆ ನಡೆದೆವು. ಅವಳು ದಾರಿಯುದ್ದಕ್ಕೂ ಗೆದ್ದವನ ಹಾಡನ್ನೇ ಗುನುಗುತ್ತಿದ್ದಳು. ತಿರುವಿನಲ್ಲಿ ನಿಂತು, ನೀನು ಯಾರಿಗಮ್ಮಾ ಓಟು ಹಾಕಿದ್ದು, ಎಲ್ಲರೂ ಅಷ್ಟು ನಕ್ಕರಲ್ಲ ಎಂದು ತಮಿಳಿನಲ್ಲಿ ಕೇಳಿದಳು. ಹೇಳಿದೆ. ನೂರು ದಿನ ಒಂದನ್ನೂ ತಪ್ಪಿಸದೆ ನೋಡಿದ ಹುಡುಗಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು, "ಅದ್ಯಾರಮ್ಮ?" ಎಂದಳು, ಅದೊಂದನ್ನು ಮಾತ್ರ ಕನ್ನಡದಲ್ಲಿ. ನಾನು ಮನೆ ಬರುವವರೆಗೂ ಅವನ ವಿಷಯ ಹೇಳುತ್ತಾ ಹೋದೆ.